ಕಾವಿಗೊಂದು ಕಾವಲು

ದಾವಣಗೆರೆಯ ಬೆಣ್ಣೆದೋಸೆಯ ರುಚಿ ಬಲ್ಲ ನೀವು ಕಾವಲಿಯ ಮುಂದೆ ನಿಂತವನ ಕೈಚಳಕವನ್ನೂ ನೋಡಿರುತ್ತೀರಿ. ಹಂಚು ಹೆಚ್ಚು ಕಾಯಿತೆನಿಸಿದಾಗ ಒಂದಿಷ್ಟು ನೀರು ಚಿಮುಕಿಸುತ್ತಾನೆ. ಚುರ್ ಎಂಬ ಸದ್ದಿಗೆ ಕಿವಿಗೊಟ್ಟು, ಪೊರಕೆಯಿಂದ ಸವರಿ, ಆಮೇಲೆ ಹಿಟ್ಟು ಹುಯ್ಯುತ್ತಾನೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಹದ ನೋಡುವವನದೂ ಇದೇ ವಿದ್ಯೆ. ಕಾವನ್ನು ಅರಿತು, ಹೆಚ್ಚಿದರೆ ತಗ್ಗಿಸಿ, ತಗ್ಗಿದರೆ ಏರಿಸುವ ಈ ಕೆಲಸವನ್ನು ಮನುಷ್ಯನ ನೆರವಿಲ್ಲದೆ ಮಾಡುವ ಪುಟ್ಟ ಸಾಧನಕ್ಕೆ ಥರ್ಮೋಸ್ಟ್ಯಾಟ್ ಎಂದು ಹೆಸರು. ಅದಕ್ಕೊಂದು ಗಡಿಯಾರ ಜೋಡಿಸಿ, ಇಂಥ ಹೊತ್ತಿಗೆ ಇಷ್ಟೇ ಕಾವು ಎಂದು ಮುಂಚಿತವಾಗಿ ಗೊತ್ತುಮಾಡಿಟ್ಟರೆ, ಶಾಮನೂರಿನ ಮನೆಯೊಂದಕ್ಕೂ ಇಂದು ತಂದು ಜೋಡಿಸಬಹುದಾದ ಉಪಕರಣ ಸಿದ್ಧವಾಯಿತು.

ಇದರ ವಂಶಾವಳಿ ಸುಮಾರು 400 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. 17ನೆಯ ಶತಮಾನದ ಆದಿಭಾಗದಲ್ಲಿ ಕಾರ್ನೆಲಿಸ್ ಡ್ರೆಬ್ಬೆಲ್ ಎಂಬ ಡಚ್ಚರವನು ಮೊಟ್ಟೆಗಳನ್ನು ಮರಿಮಾಡಲು ಒಂದು ಒಲೆಯನ್ನು ರಚಿಸಿದ. ಕಾವೇರಿದರೆ ಒಳಗಿನ ದ್ರವ ಹಿಗ್ಗಿ ಪಾದರಸವನ್ನು ತಳ್ಳುವುದು. ಪಾದರಸ ಗಾಳಿಯ ದಾರಿಯನ್ನು ಮುಚ್ಚುವುದು. ಬೆಂಕಿ ತಾನಾಗಿ ತಗ್ಗುವುದು. 1750ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ಹಡಗಿನ ಗಡಿಯಾರಕ್ಕಾಗಿ ಹಿತ್ತಾಳೆ, ಉಕ್ಕುಗಳ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದ. ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ. ಆದುದರಿಂದ ಕಾವು ತಗುಲಿದೊಡನೆ ಪಟ್ಟಿ ಬಾಗುತ್ತದೆ. ಈ ಬಾಗುವಿಕೆಯನ್ನೇ ಹಿಡಿದು 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರೂ ಯೂರ್ ಕಾವಿನ ನಿಯಂತ್ರಕವೊಂದಕ್ಕೆ ಹಕ್ಕುಪತ್ರ ಪಡೆದ. ಥರ್ಮೋಸ್ಟ್ಯಾಟ್ ಎಂಬ ಹೆಸರನ್ನಿಟ್ಟವನೂ ಅವನೇ. ಅವನ ಕಣ್ಣಿದ್ದುದು ಬಟ್ಟೆಯ ಗಿರಣಿಗಳ ಮೇಲೆ.

ಗಿರಣಿಯ ಮಾತು ದಾವಣಗೆರೆಯವರಿಗೆ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಗಾಳಿ ಒಣಗಿದರೆ ನೂಲು ಪಟಪಟನೆ ಕಡಿಯುವುದೆಂದು ಗಿರಣಿಯಲ್ಲಿ ದುಡಿದವರೆಲ್ಲ ಬಲ್ಲರು. ‘ಏರ್ ಕಂಡೀಷನಿಂಗ್’ ಎಂಬ ಮಾತು ಹುಟ್ಟಿದ್ದೂ ಹತ್ತಿಯ ಗಿರಣಿಯ ಸಲುವಾಗಿಯೇ ಎಂದರೆ ಆಶ್ಚರ್ಯಪಡುವಿರಿ: ಗಿರಣಿಗಳ ಗಾಳಿಗೆ ತೇವ ಕೂಡಿಸುವ ಕೆಲಸಕ್ಕೆ ಆ ಹೆಸರನ್ನು 1906ರಲ್ಲಿ ಬಳಕೆಗೆ ತಂದವನು ಅಮೆರಿಕದ ಸ್ಟೂವರ್ಟ್ ಕ್ರೇಮರ್. ಮನುಷ್ಯನ ಸುಖಕ್ಕಿಂತ ಮೊದಲು ನೂಲಿನ ಸುಖವನ್ನು ನೋಡಿಕೊಂಡರು!

ಮನುಷ್ಯನ ಕಡೆಯ ಕಥೆ ನಡೆದದ್ದು ಶಾಲೆಯಲ್ಲಿ. ವಿಸ್ಕಾನ್ಸಿನ್ ಪ್ರಾಂತದ ಉಪಾಧ್ಯಾಯ ವಾರೆನ್ ಜಾನ್ಸನ್‌ನ ತರಗತಿಗೆ ಜವಾನ ಆಗಾಗ್ಗೆ ನುಗ್ಗಿ, ಕೊಠಡಿ ಬೆಚ್ಚಗಿದೆಯೇ ಎಂದು ನೋಡಿ, ನೆಲಮಾಳಿಗೆಗಿಳಿದು ಕುಲುಮೆಯ ಮುಚ್ಚಳವನ್ನು ಸರಿಪಡಿಸಬೇಕಾಗಿತ್ತು. ಪಾಠ ಕೆಡುತ್ತಿತ್ತು. ಕಾವು ಬದಲಾದಾಗ ಕೆಳಗಿರುವ ಜವಾನನಿಗೆ ಗಂಟೆ ಬಾರಿಸಿ ತಿಳಿಸುವ ವಿದ್ಯುತ್ ಸಾಧನವೊಂದಕ್ಕೆ ಜಾನ್ಸನ್ 1883ರಲ್ಲಿ ಹಕ್ಕುಪತ್ರ ಪಡೆದ. ಸ್ವಲ್ಪ ಕಾಲದಲ್ಲೇ ಆಲ್ಬರ್ಟ್ ಬುಟ್ಸ್ ಎಂಬವನು ಮುಚ್ಚಳ ತಾನೇ ತೆರೆಯುವಂತೆ ಮಾಡಲು, ಗಂಟೆಯೂ ಬೇಡವಾಯಿತು, ಜವಾನನೂ ಬೇಡವಾದ. 20ನೆಯ ಶತಮಾನದ ಮೊದಲ ದಶಕದಲ್ಲಿ ಗಡಿಯಾರ ಸೇರಿಕೊಂಡಿತು. ರಾತ್ರಿ ಮಲಗಿದಾಗ ಕುಲುಮೆ ತಗ್ಗುವುದು, ಏಳುವ ಮುನ್ನ ಏರುವುದು. ಇಂದಿನ ಉಪಕರಣದಲ್ಲಿ ಬಾಗುವ ಪಟ್ಟಿಯ ಬದಲು ಎಲೆಕ್ಟ್ರಾನಿಕ್ ಸಂವೇದಕವಿದೆ, ವಾರದ ವೇಳಾಪಟ್ಟಿಯಿದೆ. ಉಪಾಯ ಮಾತ್ರ ಅದೇ.

ನಮ್ಮಲ್ಲಿ ಹೊತ್ತಿನ ಲೆಕ್ಕವನ್ನು ಇಟ್ಟುಕೊಂಡಿದ್ದವರು ಮನೆಯ ಹೆಂಗಸರು. ನಸುಕಿನಲ್ಲೆದ್ದು ಬಚ್ಚಲ ಹಂಡೆಗೆ ಉರಿಹಾಕುವುದು, ಬೇಸಗೆಯಲ್ಲಿ ಬಿಸಿಲೇರುವ ಮುನ್ನ ಕಿಟಕಿ ಮುಚ್ಚುವುದು, ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ ಬಾಗಿಲು ತೆರೆಯುವುದು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಗವಾಕ್ಷಿಗಳು ಅವರಿಗೆ ನೆರವಾಗುತ್ತಿದ್ದವು. ಹಂಡೆಯ ಸ್ಥಾನಕ್ಕೆ ಗೀಸರು ಬಂದಾಗ ಅದರ ಹೊಟ್ಟೆಯಲ್ಲಿ ಕುಳಿತು ಥರ್ಮೋಸ್ಟ್ಯಾಟ್ ಸದ್ದಿಲ್ಲದೆ ನಮ್ಮ ಮನೆಗಳನ್ನು ಪ್ರವೇಶಿಸಿತು. ಮಾಳಿಗೆಯ ಸ್ಥಾನಕ್ಕೆ ಕಾಂಕ್ರೀಟ್ ತಾರಸಿ ಬಂದದ್ದು ಅಷ್ಟು ಹಿತವಾಗಲಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ರಾತ್ರಿ ಕೋಣೆಯೊಳಕ್ಕೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಸೆಕೆ. ಏ.ಸಿ. ಬೇಕೆನಿಸುವುದು ಆಗ.

ಏ.ಸಿ.ಗೆ ಹೊತ್ತು ಗೊತ್ತುಮಾಡುವಾಗ ಎಚ್ಚರ ಬೇಕು. ಪರದೇಶದ ವೇಳಾಪಟ್ಟಿ ಹಗಲು ಮನೆ ಬರಿದಾಗಿರುವುದೆಂದು ಭಾವಿಸುತ್ತದೆ. ನಿಮ್ಮ ಮನೆಯಲ್ಲಿ ಮಧ್ಯಾಹ್ನ ಅಜ್ಜಿ ಮಲಗಿರುತ್ತಾರೆ, ರಜೆಯಲ್ಲಿ ಮೊಮ್ಮಕ್ಕಳಿರುತ್ತಾರೆ. ಹಾಗೆಯೇ ಒಪ್ಪಿಕೊಂಡರೆ ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ಯಂತ್ರ ಮಲಗುತ್ತದೆ, ಅಜ್ಜಿ ಬೇಯುತ್ತಾರೆ. ಗುಂಡಿ ಒತ್ತುವ ಮೊದಲು ಅವರನ್ನು ಕೇಳಿರಿ. ಯಾವ ಕೋಣೆ ಎಷ್ಟು ಹೊತ್ತಿಗೆ ಕಾಯುವುದೆಂದು ತಯಾರಕನಿಗಿಂತ ಅವರೇ ಚೆನ್ನಾಗಿ ಬಲ್ಲರು.

ಸಂಜೆ ಹೊರಗೆ ತಂಪಾದೊಡನೆ ಕಿಟಕಿ ತೆರೆದು, ಮಲಗುವ ಹೊತ್ತಿಗೆ ಮುಚ್ಚಿ, ಯಂತ್ರ ಆಗ ಪ್ರಾರಂಭವಾಗುವಂತೆ ಮಾಡಿರಿ. ಕಾವು 24 ಡಿಗ್ರಿಗಿಂತ ಕೆಳಗೆ ಬೇಕಾಗಲಾರದು. 2020ರಿಂದ ತಾರಾಚಿಹ್ನೆಯ ಏ.ಸಿ.ಗಳು ಕಾರ್ಖಾನೆಯಿಂದ ಬರುವಾಗಲೇ ಈ ಅಂಕಿಗೆ ನಿಂತಿರಬೇಕೆಂದು ಭಾರತ ಸರ್ಕಾರ ವಿಧಿಸಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಸರ್ಕಾರದ ಲೆಕ್ಕ. ನಸುಕಿನ 3 ಅಥವಾ 4 ಗಂಟೆಗೆ ಅದನ್ನು ನಿಲ್ಲಿಸಿದರೂ ತೊಂದರೆಯಿಲ್ಲ. ಪ್ರತ್ಯೇಕ ನಿಯಂತ್ರಕವನ್ನು ಗೋಡೆಗೆ ಕೂರಿಸುವುದಾದರೆ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಲಿ. ಬಿಸಿಲು ಬಡಿಯುವ ಗೋಡೆ, ಅಡುಗೆಮನೆಯ ಪಕ್ಕ, ಟಿ.ವಿ.ಯ ಮೇಲುಭಾಗ ಬೇಡ. ಅಲ್ಲಿಟ್ಟರೆ ಅದು ಒಲೆಯ ಕಾವನ್ನೇ ಕೋಣೆಯ ಕಾವೆಂದು ತಿಳಿದು ಯಂತ್ರವನ್ನು ದಣಿಸುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರವನ್ನೊಮ್ಮೆ ನೋಡಿರಿ. ಕೆಲವು ಉಪಕರಣಗಳಲ್ಲಿ ಬ್ಯಾಟರಿ ಮುಗಿದಿದ್ದರೆ ಹೊತ್ತು ಮರೆತುಹೋಗಿ ನಡುಮಧ್ಯಾಹ್ನವೇ ನಡುರಾತ್ರಿಯಾಗುವುದುಂಟು.