ಜಾಝ್ ಚರಿತ್ರೆಯ ಕಣ್ತಪ್ಪಿದ ‘ಜ್ಯೋತಿ’

ಮ್ಯೂನಿಕ್‌ನ ಇಸಿಎಂ ಸಂಸ್ಥೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಹೊರತಂದಿತು. ಹೊದಿಕೆಯ ಮೇಲೆ ಎರಡು ಹೆಸರುಗಳಿದ್ದವು: ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಭಾರತೀಯ ಸಂಗೀತ ಮತ್ತು ಜಾಝ್ ಕೂಡಿದ ಕಥೆ ಹೇಳುವವರು ಇದನ್ನು ನೆನೆಯುವುದು ಅಪರೂಪ. ನನ್ನ ಮಟ್ಟಿಗಂತೂ ಆ ಪರಂಪರೆಯಲ್ಲಿ ಇಷ್ಟು ಹದವಾಗಿ ಬೆರೆತ ಇನ್ನೊಂದು ಮುದ್ರಿಕೆ ಸಿಕ್ಕಿಲ್ಲ. ಅದರ ಬೆಲೆ ತಿಳಿಯಬೇಕಾದರೆ ಎರಡು ದಶಕ ಹಿಂದಕ್ಕೆ ಹೋಗಬೇಕು.

1961ರ ನವೆಂಬರಿನಲ್ಲಿ ಜಾನ್ ಕೋಲ್ಟ್ರೇನ್ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ‘ಇಂಡಿಯಾ’ ನುಡಿಸಿದರು. ರವಿಶಂಕರ್ ಅವರ ಮುದ್ರಿಕೆಗಳನ್ನು ಆಳವಾಗಿ ಕೇಳಿಸಿಕೊಂಡಿದ್ದ ಅವರಿಗೆ ಬೇಕಾದದ್ದು ಅಲಂಕಾರವಲ್ಲ, ಬಿಡುಗಡೆ. ಗಳಿಗೆಗೊಮ್ಮೆ ಬದಲಾಗುವ ಸ್ವರಮೇಳಗಳ ಹಂಗಿಲ್ಲದೆ, ನಿಂತ ಶ್ರುತಿಯ ಮೇಲೆ ಎಷ್ಟು ಹೊತ್ತಾದರೂ ಸಂಚರಿಸುವ ದಾರಿ ಅಲ್ಲಿ ತೆರೆಯಿತು. 1966ರಲ್ಲಿ ಲಂಡನ್ನಿನಲ್ಲಿ ಕಲ್ಕತ್ತಾ ಮೂಲದ ಜಾನ್ ಮೇಯರ್ ಮತ್ತು ಜಮೈಕಾದ ಜೋ ಹ್ಯಾರಿಯಟ್ ‘ಇಂಡೋ-ಜಾಝ್ ಸ್ವೀಟ್’ ತಂದರು. ಈ ಕಡೆ ಐವರು, ಆ ಕಡೆ ಐವರು. ಸಾಹಸ ದೊಡ್ಡದು, ಆದರೆ ಹೊಲಿಗೆ ಕಾಣುತ್ತದೆ: ಸಿತಾರ್ ಬರೆದದ್ದನ್ನು ನುಡಿಸಿ ಸುಮ್ಮನಾಗುತ್ತದೆ, ಸ್ಯಾಕ್ಸೊಫೋನ್ ತನ್ನ ಸರದಿ ಹಿಡಿಯುತ್ತದೆ. ಹ್ಯಾರಿಯಟ್ 1973ರಲ್ಲಿ 44ನೇ ವಯಸ್ಸಿಗೇ ತೀರಿಕೊಂಡರು.

1972ರ ಮೈಲ್ಸ್ ಡೇವಿಸ್ ಅವರ ‘ಆನ್ ದ ಕಾರ್ನರ್’ನಲ್ಲಿ ಬಾದಲ್ ರಾಯ್ ಅವರ ತಬಲಾ ಇದೆ. ಬಿಡುಗಡೆಯಾದಾಗ ವಿಮರ್ಶಕರು ಅದನ್ನು ಹಳಿದರು, ದಶಕಗಳ ನಂತರ ಮಹತ್ವದ ಕೃತಿಯೆಂದು ಕೊಂಡಾಡಿದರು. ಆದರೂ ಅಲ್ಲಿನ ತಬಲಾ ಡೇವಿಸ್ ಹೆಣೆದ ಬಟ್ಟೆಯ ಒಂದು ಎಳೆ ಮಾತ್ರ. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಕೂಡಿದ ‘ಶಕ್ತಿ’ ತಂಡ 1975ರ ಹೊತ್ತಿಗೆ ಈ ಲೆಕ್ಕವನ್ನೇ ಬದಲಿಸಿತು. ಅಲ್ಲಿ ಯಾರೂ ಪಕ್ಕವಾದ್ಯದವರಲ್ಲ. ‘ಶಕ್ತಿ’ಯನ್ನು ನಾನು ಬಹಳ ಪ್ರೀತಿಸುತ್ತೇನೆ. ಆದರೆ ಅದರ ವೇಗವನ್ನಷ್ಟೇ ಅನುಕರಿಸಿದವರು ಫ್ಯೂಷನ್ ಎಂದರೆ ಮಿಂಚಿನ ಜುಗಲಬಂದಿ ಎಂಬ ತಪ್ಪು ಕಲ್ಪನೆಯನ್ನು ಊರೂರಿಗೆ ಹಬ್ಬಿಸಿದರು.

ಮರಿಯಾನೊ ಬಂದ ದಾರಿ ಬೇರೆ. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಚಾರ್ಲಿ ಪಾರ್ಕರ್ ಪ್ರಭಾವದಲ್ಲಿ ಬೆಳೆದು, 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ಯಲ್ಲಿ ನುಡಿಸಿದವರು. ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರದ ನಾದಕ್ಕೆ ಮನಸೋತು, ಮುಂದೆ ಅದನ್ನು ಕಲಿತೇಬಿಟ್ಟರು. ಎಬರ್‌ಹಾರ್ಡ್ ವೇಬರ್ ಅವರ ‘ಯೆಲ್ಲೋ ಫೀಲ್ಡ್ಸ್’ (1975) ಮುದ್ರಿಕೆಯಲ್ಲಿ ಆ ನಾಗಸ್ವರ ಕೇಳಬಹುದು. ಹೀಗೆ ಗಮಕವನ್ನು ಉಸಿರಿನಲ್ಲಿ ಪಳಗಿಸಿಕೊಂಡು ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜೊತೆಗೂಡಿದರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಅದು. ಮಣಿಯವರ ಪತ್ನಿ ಆರ್.ಎ. ರಮಾಮಣಿ ಅದರ ಗಾಯಕಿ, ರಚನೆಕಾರ್ತಿ.

‘ಜ್ಯೋತಿ’ಯಲ್ಲಿ ಡ್ರಮ್ಸ್ ಇಲ್ಲ, ಬಾಸ್ ಇಲ್ಲ, ಪಿಯಾನೊ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಜೊತೆಗೆ ಕೊನ್ನಕೋಲು. ರಚನೆಗಳು ರಮಾಮಣಿಯವರವು, ಮುದ್ರಿಕೆ ಶುರುವಾಗುವುದೂ ಅವರ ದನಿಯಿಂದಲೇ. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಅದುವರೆಗಿನ ಬಹುಪಾಲು ಪ್ರಯೋಗಗಳಲ್ಲಿ ಜಾಝ್ ಮನೆಯೊಡೆಯನಾದರೆ ಭಾರತೀಯರು ಅತಿಥಿಗಳು. ಇಲ್ಲಿ ಅತಿಥಿ ಮರಿಯಾನೊ. ‘ವಂದನಂ’, ‘ವರ್ಷಿಣಿ’ ಕೇಳಿ ನೋಡಿ: ಆಕೆ ರಾಗವನ್ನು ತೆರೆದಿಡುತ್ತಾರೆ, ಅವರು ಅದರೊಳಗೆ ಇದ್ದುಕೊಂಡೇ ತಮ್ಮ ಬಾಸ್ಟನ್ನಿನ ದನಿಯಲ್ಲಿ ಉತ್ತರಿಸುತ್ತಾರೆ. ಕರ್ನಾಟಕ ವಿದ್ವಾಂಸರಂತೆ ಕೇಳಿಸಬೇಕೆಂಬ ಹಟ ಅವರಿಗಿಲ್ಲ, ತಮ್ಮ ಜಾಝನ್ನು ಮೆರೆಸುವ ಆತುರವೂ ಇಲ್ಲ.

ಬಹುಶಃ ಇದೇ ಅದಕ್ಕೆ ಮುಳುವಾಯಿತು. ಜಾಝ್ ಕೇಳುಗರಿಗೆ ಇದರಲ್ಲಿ ಸ್ವಿಂಗ್ ಸಿಗಲಿಲ್ಲ, ಕಛೇರಿ ರಸಿಕರಿಗೆ ಸ್ಯಾಕ್ಸೊಫೋನ್ ಪರಕೀಯವಾಯಿತು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಸಭೆಗಳಲ್ಲಿ ಮನೆಮಾತಾಗಿಸಿದ್ದು ಮುಂದಿನ ಮಾತು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅದೇ ಕದ್ರಿಯವರೊಡನೆ ‘ಕಿನ್ಸ್‌ಮೆನ್’ (2008) ಮಾಡಿದಾಗ ವಿಮರ್ಶಕರು ಮನಸಾರೆ ಮೆಚ್ಚಿದರು. ಸ್ಯಾಕ್ಸೊಫೋನ್ ಮತ್ತು ಕರ್ನಾಟಕ ಸಂಗೀತದ ಆ ಗೆಳೆತನ ಕಾಲು ಶತಮಾನ ಮೊದಲೇ ಮ್ಯೂನಿಕ್‌ನ ಮುದ್ರಿಕೆಯೊಂದರಲ್ಲಿ ಕೂತಿತ್ತೆಂದು ನೆನಪಿಸಿದವರು ಕಡಿಮೆ.

ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. 2017ರ ನವೆಂಬರಿನಲ್ಲಿ ಇಸಿಎಂ ತನ್ನ ಮುದ್ರಿಕೆಗಳನ್ನು ಅಂತರ್ಜಾಲದ ಆಲಿಕೆಗೆ ತೆರೆದ ಮೇಲೆ ಹಳೆಯ ಎಲ್‌ಪಿಗಾಗಿ ಅಲೆಯುವ ಕಷ್ಟವೂ ತಪ್ಪಿದೆ. ಇನ್ನು ಉಳಿದದ್ದು ನಮ್ಮ ಕೆಲಸ. ಬೆಂಗಳೂರಿನ ಸಭೆಗಳು ರಮಾಮಣಿಯವರ ಈ ರಚನೆಗಳನ್ನು ವೇದಿಕೆಗೆ ತರಲಿ, ಕನ್ನಡದ ಸಂಗೀತ ವಿಮರ್ಶಕರು ಅವುಗಳ ಬಗ್ಗೆ ಬರೆಯಲಿ.