ಬೆವರಿಳಿಸುವ ಕೋಣೆಯ ಸಾಕ್ಷ್ಯ

ಡಿಸ್ನಿ ಕಂಪನಿ 2000ದ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ 'ದಿ ಎಂಪರರ್ಸ್ ನ್ಯೂ ಗ್ರೂವ್' ಒಂದು ಹಗುರವಾದ ನಗೆಚಿತ್ರ. ಸೊಕ್ಕಿನ ಇಂಕಾ ದೊರೆಯೊಬ್ಬ ಲಾಮಾ ಎಂಬ ಪ್ರಾಣಿಯಾಗಿ ಬದಲಾಗಿ, ರೈತನೊಬ್ಬನ ನೆರವಿನಿಂದ ಅರಮನೆಗೆ ಮರಳುವ ಕಥೆ ಅದರದು. ನಗುತ್ತಾ ನೋಡಿದವರಿಗೆ ಇದರಡಿಯಲ್ಲಿ ಇನ್ನೊಂದು ಸಿನಿಮಾ ಹೂತುಹೋಗಿದೆ ಎಂಬ ಸುಳಿವು ಸಿಗುವುದಿಲ್ಲ.

ಆ ಸಿನಿಮಾದ ಹೆಸರು 'ಕಿಂಗ್‌ಡಮ್ ಆಫ್ ದಿ ಸನ್'. 'ದಿ ಲಯನ್ ಕಿಂಗ್'ನ ನಿರ್ದೇಶಕರಲ್ಲೊಬ್ಬರಾದ ರೋಜರ್ ಆಲರ್ಸ್ 1994ರಲ್ಲಿ ಇದರ ಕೆಲಸ ಶುರುಮಾಡಿದರು. ಒಂದೇ ಮುಖದ ದೊರೆ ಮತ್ತು ಬಡವ ಜಾಗ ಬದಲಿಸಿಕೊಳ್ಳುವ, ಸೂರ್ಯನನ್ನೇ ಆರಿಸಲು ಹೊರಟ ಮಾಟಗಾತಿಯಿರುವ ಗಂಭೀರ ಕಥೆ ಅದು. ಹಾಡು ಬರೆಯಲು ಗಾಯಕ ಸ್ಟಿಂಗ್ ಒಪ್ಪಿಕೊಂಡಾಗ, ಇಡೀ ತಯಾರಿಯನ್ನು ಚಿತ್ರೀಕರಿಸಲು ಅವರ ಪತ್ನಿ ಟ್ರೂಡಿ ಸ್ಟೈಲರ್‌ಗೆ ಕಂಪನಿಯ ಅನುಮತಿ ಸಿಕ್ಕಿತು. ಜಾನ್-ಪಾಲ್ ಡೇವಿಡ್‌ಸನ್ ಜೊತೆ ಸೇರಿ ಅವರು ಮಾಡಿದ ಸಾಕ್ಷ್ಯಚಿತ್ರವೇ 'ದಿ ಸ್ವೆಟ್‌ಬಾಕ್ಸ್'. ವಾಲ್ಟ್ ಡಿಸ್ನಿಯ ಕಾಲದಲ್ಲಿ ಕಲಾವಿದರ ಕರಡು ಕೆಲಸವನ್ನು ಪರೀಕ್ಷಿಸುತ್ತಿದ್ದ, ಗಾಳಿಯಾಡದ ಪುಟ್ಟ ಕೋಣೆಗೆ ಬಿದ್ದಿದ್ದ ಹೆಸರದು.

ಸಾಕ್ಷ್ಯಚಿತ್ರದ ಜೀವಾಳ ಇರುವುದು ಅಂಥದೇ ಒಂದು ಪ್ರದರ್ಶನದಲ್ಲಿ. ಅರೆಬರೆ ಸಿದ್ಧವಾದ ಚಿತ್ರವನ್ನು ನೋಡಿದ ಮುಖ್ಯಸ್ಥರಾದ ಥಾಮಸ್ ಶೂಮಾಕರ್ ಮತ್ತು ಪೀಟರ್ ಶ್ನೈಡರ್ ಅವರಿಗೆ ಅದು ಹಿಡಿಸುವುದಿಲ್ಲ. ಮುಂದೆ ಆಲರ್ಸ್ ಹೊರನಡೆಯುತ್ತಾರೆ. ಮಾರ್ಕ್ ಡಿಂಡಲ್ ಕೈಗೆ ಬಂದ ಕಥೆ ಬೇರೆಯದೇ ಆಗುತ್ತದೆ. ಸ್ಟಿಂಗ್ ಬರೆದ ಹಾಡುಗಳಲ್ಲಿ ಬಹುಪಾಲು ಕಥೆಯ ಜೊತೆಯಲ್ಲೇ ಬಿದ್ದುಹೋಗುತ್ತವೆ. ಕೊನೆಗೆ ದೊರೆ ಕಾಡು ಕಡಿದು ಮೋಜಿನ ಉದ್ಯಾನ ಕಟ್ಟುವ ಮುಕ್ತಾಯವನ್ನು ಕಂಡು ಸ್ಟಿಂಗ್ ಪತ್ರ ಬರೆದು ಪ್ರತಿಭಟಿಸುತ್ತಾರೆ; ಆ ಮುಕ್ತಾಯ ಬದಲಾಗುತ್ತದೆ.

ಇದನ್ನು ಕಲಾವಿದರಿಗೂ ವ್ಯಾಪಾರಿಗಳಿಗೂ ನಡೆದ ಜಗಳವೆಂದು ಓದಿಬಿಡುವುದು ಸುಲಭ. ಆದರೆ ಕ್ಯಾಮೆರಾ ಹಿಡಿದವರು ಹಾಡು ಬರೆದವರ ಪತ್ನಿ ಎಂಬುದನ್ನು ಮರೆಯುವಂತಿಲ್ಲ. ಮುಖ್ಯಸ್ಥರ ತೀರ್ಪು ಪೂರಾ ತಪ್ಪೆಂದು ಹೇಳಲೂ ಆಗದು, ಏಕೆಂದರೆ ಕೊನೆಗೆ ಬಂದ ನಗೆಚಿತ್ರವನ್ನು ಜನ ಇಂದಿಗೂ ಮೆಚ್ಚುತ್ತಾರೆ. ನನಗೆ ಮುಖ್ಯವೆನಿಸುವುದು, ನಾಲ್ಕು ವರ್ಷದ ದುಡಿಮೆ ಒಂದು ಕೋಣೆಯಲ್ಲಿ ಹೇಗೆ ಮುಗಿದುಹೋಯಿತು ಎಂಬುದಕ್ಕೆ ನಮ್ಮ ಬಳಿ ಸಾಕ್ಷ್ಯ ಉಳಿದದ್ದು.

ಉಳಿದದ್ದೂ ಆಕಸ್ಮಿಕವೇ. 2002ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ತೆರೆಕಂಡ ಸಾಕ್ಷ್ಯಚಿತ್ರವನ್ನು, ಹಕ್ಕು ಹೊಂದಿದ್ದ ಡಿಸ್ನಿ ಸಾರ್ವಜನಿಕರಿಗೆ ಸರಿಯಾಗಿ ಬಿಡುಗಡೆ ಮಾಡಲಿಲ್ಲ. 2012ರಲ್ಲಿ ಅದರ ಕರಡು ಪ್ರತಿಯೊಂದು ಅಂತರ್ಜಾಲಕ್ಕೆ ಸೋರಿತು. ಇಲ್ಲಿ ಮೈಸೂರಿನ ಕೆಸರೆಯಲ್ಲಿ ಕುಳಿತು ನಾನು ನೋಡಿದ್ದೂ ಆ ಪ್ರತಿಯನ್ನೇ. ಬಾಗಿಲು ತೆರೆದು ಕ್ಯಾಮೆರಾವನ್ನು ಒಳಗೆ ಬಿಟ್ಟವರೇ ಅದು ಕಂಡದ್ದನ್ನು ಬೀಗ ಹಾಕಿಟ್ಟರು.

ನಮ್ಮ ಕಥೆ ಇನ್ನೂ ಬಡವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ನೋಡಲು ಸಿಗುವುದಿಲ್ಲ. ಡಿಸ್ನಿಯವರು ಕೈಬಿಟ್ಟ ಚಿತ್ರದ ತುಣುಕುಗಳನ್ನು ಕಾಣಬಲ್ಲ ನಾವು, ನಮ್ಮವರು ಮುಗಿಸಿ ತೋರಿಸಿದ ಚಿತ್ರವನ್ನೇ ಕಾಣಲಾರೆವು. ಹಾಗಾಗಿ ಈಗ ತಯಾರಾಗುತ್ತಿರುವ ಕನ್ನಡ ಚಿತ್ರಗಳ ತಿದ್ದಿದ ಚಿತ್ರಕಥೆ, ಬಿಟ್ಟ ಹಾಡು, ಕತ್ತರಿಸಿದ ದೃಶ್ಯಗಳನ್ನು ಕೇಳಿ ಪಡೆದು ಜೋಪಾನ ಮಾಡುವ ಕೆಲಸ ಸಿನಿಮಾ ಓದುವ ವಿದ್ಯಾರ್ಥಿಗಳದೂ ಹೌದು. ಗೆದ್ದ ಚಿತ್ರಗಳನ್ನು ನಿರ್ಮಾಪಕರು ಹೇಗೂ ಕಾಪಾಡಿಕೊಳ್ಳುತ್ತಾರೆ. ಅವು ಗೆಲ್ಲುವ ಮುನ್ನ ಏನಾಗಿದ್ದವು ಎಂಬುದನ್ನು ಬೇರೆ ಯಾರಾದರೂ ಕಾಯಬೇಕು.