ಗಾರುಡಿಗನ ಬುಟ್ಟಿ ಮತ್ತು ಹಕ್ಕಿನ ಪ್ರಶ್ನೆ

ಕನ್ನಡ ನಾಡಿನ ಸಂತೆ ಜಾತ್ರೆಗಳಲ್ಲಿ ಗಾರುಡಿಗರು, ಮೋಡಿಕಾರರು ಎನಿಸಿಕೊಂಡಿದ್ದ ಅಲೆಮಾರಿ ಕಲಾವಿದರು ತೋರಿಸುತ್ತಿದ್ದ ಕಣ್ಕಟ್ಟು, ಅಂದರೆ ನೋಡುವವರ ಗಮನವನ್ನು ಬೇರೆಡೆಗೆ ಸೆಳೆದು ಆಗದ್ದನ್ನು ಆದಂತೆ ಕಾಣಿಸುವ ವಿದ್ಯೆ, ಭಾರತದ ಉದ್ದಗಲಕ್ಕೂ ಹಬ್ಬಿದ್ದ ಬಹು ಹಳೆಯ ಪರಂಪರೆಯೊಂದರ ಕವಲು. ಶೃಂಗೇರಿಯೊಂದಿಗೆ ಹೆಸರು ಬೆಸೆದಿರುವ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ನೂಲಿನ ಮೇಲೆ ಆಕಾಶಕ್ಕೇರುವ ಮಾಯಾವಿ ಬೇರೆ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂಬ ದೃಷ್ಟಾಂತವನ್ನು ಕೊಟ್ಟಿರುವುದನ್ನು ನೋಡಿದರೆ, ಅಂಥ ಆಟ ಆ ಕಾಲದವರಿಗೆ ವಿವರಣೆ ಬೇಡದಷ್ಟು ಪರಿಚಿತವಾಗಿತ್ತೆಂದು ಊಹಿಸಬಹುದು. ಆದರೆ ಆ ಆಟವನ್ನು ಮೊದಲು ಕಟ್ಟಿದವರ ಹೆಸರು ಉಳಿದಿಲ್ಲ. ಗುಟ್ಟು ತಲೆಮಾರಿನಿಂದ ತಲೆಮಾರಿಗೆ ಬಾಯಿಮಾತಿನಲ್ಲಿ ಇಳಿದು ಬಂದಿದ್ದು, ಮನೆತನದ ಮೌನವೊಂದೇ ಅದಕ್ಕೆ ಕಾವಲಾಗಿತ್ತು.

ಆ ಕಾವಲು ಎಷ್ಟು ದುರ್ಬಲವೆಂಬುದನ್ನು ಬುಟ್ಟಿಯ ಆಟದ ಕಥೆ ತೋರಿಸುತ್ತದೆ. ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಹೆಣೆದ ಬುಟ್ಟಿಯೊಳಗೆ ಹುಡುಗನೊಬ್ಬ ಇಳಿದ ಮೇಲೆ ಗಾರುಡಿಗ ಅದಕ್ಕೆ ಬಟ್ಟೆ ಮುಚ್ಚಿ, ಸುತ್ತಲಿಂದಲೂ ಕತ್ತಿಯಿಂದ ಇರಿದು, ಕೊನೆಗೆ ತಾನೇ ಒಳಗೆ ಹಾರಿ ಕುಳಿತು ಬುಟ್ಟಿ ಬರಿದಾಗಿದೆಯೆಂದು ನಂಬಿಸುತ್ತಾನೆ. ಹುಡುಗ ಮಾತ್ರ ಅಷ್ಟು ಹೊತ್ತೂ ಬುಟ್ಟಿಯ ಒಳಮೈಗೆ ಅಂಟಿಕೊಂಡು ಹಾವಿನಂತೆ ಸುರುಳಿ ಸುತ್ತಿರುತ್ತಾನೆ. (ಈ ಗುಟ್ಟು ಬಹಳ ಹಿಂದೆಯೇ ಇಂಗ್ಲಿಷ್ ಪುಸ್ತಕಗಳಲ್ಲಿ ಅಚ್ಚಾಗಿರುವುದರಿಂದ, ಇಲ್ಲಿ ಹೇಳಿದರೆ ಯಾರ ಹೊಟ್ಟೆಪಾಡಿಗೂ ಹೊಸದಾಗಿ ಕೇಡಿಲ್ಲ.) ಲಂಡನ್ನಿನ ಈಜಿಪ್ಷಿಯನ್ ಹಾಲ್ ಎಂಬ ರಂಗಮಂದಿರದಲ್ಲಿ ಕರ್ನಲ್ ಸ್ಟೊಡೇರ್ ಎಂಬ ಹೆಸರಿನ ಜಾದೂಗಾರ 1865ರಲ್ಲಿ ಇದೇ ಆಟವನ್ನು ತನ್ನ ಪ್ರದರ್ಶನದ ಆಕರ್ಷಣೆಯಾಗಿಸಿಕೊಂಡ, ಭಾರತದ್ದೆಂದು ಜಾಹೀರು ಮಾಡಿದನೇ ಹೊರತು ಭಾರತದ ಯಾರಿಗೂ ಅದರಿಂದ ಕಾಸು ಸಿಗಲಿಲ್ಲ. ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಕತ್ತಿ ನುಂಗಿ ಹೆಸರಾಗಿದ್ದ ರಾಮೊ ಸಾಮಿ ಎಂಬ ಭಾರತೀಯ ಕಲಾವಿದ 1850ರಲ್ಲಿ ಕಡುಬಡತನದಲ್ಲಿ ಸತ್ತಾಗ, ಅವನ ಶವಸಂಸ್ಕಾರಕ್ಕೆ ಹೆಂಡತಿ ಸಾರ್ವಜನಿಕರ ಮುಂದೆ ಕೈಯೊಡ್ಡಬೇಕಾಯಿತು.

ಪಶ್ಚಿಮದ ಜಾದೂಗಾರರು ಪರಸ್ಪರರಿಂದ ಕದಿಯಲಾರಂಭಿಸಿದಾಗಲಷ್ಟೇ ನಕಲು ನ್ಯಾಯಾಲಯದ ಪ್ರಶ್ನೆಯಾಯಿತು. ಲಂಡನ್ನಿನಲ್ಲಿ ಪಿ.ಟಿ. ಸೆಲ್ಬಿಟ್ 1921ರ ಜನವರಿಯಲ್ಲಿ ಹೆಂಗಸನ್ನು ಗರಗಸದಿಂದ ಕೊಯ್ಯುವ ಆಟವನ್ನು ರಂಗಕ್ಕೆ ತಂದ ಕೆಲವೇ ತಿಂಗಳಲ್ಲಿ ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ತನ್ನದೇ ರೂಪವನ್ನು ತೋರಿಸಿದ್ದಲ್ಲದೆ, 1923ರಲ್ಲಿ ಅದಕ್ಕೆ ಪೇಟೆಂಟ್, ಅಂದರೆ ಹೊಸ ಸಾಧನದ ಮೇಲೆ ಸರ್ಕಾರ ನಿಗದಿತ ಅವಧಿಗೆ ಕೊಡುವ ಏಕಸ್ವಾಮ್ಯವನ್ನು ಪಡೆದುಕೊಂಡ. ಪೇಟೆಂಟಿನ ಷರತ್ತೇ ಸಾಧನದ ರಚನೆಯನ್ನು ಚಿತ್ರಸಮೇತ ಬಹಿರಂಗಪಡಿಸುವುದಾದ್ದರಿಂದ, ಗುಟ್ಟನ್ನು ಕಾಯಲೆಂದು ಮಾಡಿದ ಬಂದೋಬಸ್ತೇ ಅದನ್ನು ಬೀದಿಗೆ ತಂದಿತು. ಸಿಗರೇಟ್ ಕಂಪನಿಯೊಂದು 1933ರಲ್ಲಿ ತನ್ನ ಜಾಹೀರಾತಿನಲ್ಲಿ ಆಟದ ಒಳಗುಟ್ಟನ್ನು ಬಯಲು ಮಾಡಿದಾಗ ಗೋಲ್ಡಿನ್ ಹೂಡಿದ ದಾವೆ, ಪೇಟೆಂಟಿನ ಮೂಲಕ ಅದು ಆಗಲೇ ಸಾರ್ವಜನಿಕವಾಗಿದೆಯೆಂಬ ಕಾರಣಕ್ಕೆ 1938ರಲ್ಲಿ ಬಿದ್ದುಹೋಯಿತು.

ಕೊಳುಕೊಡೆ ಒಂದೇ ದಿಕ್ಕಿನದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ 1956ರಲ್ಲಿ ಬಿಬಿಸಿಯ ದೂರದರ್ಶನದಲ್ಲಿ ಹುಡುಗಿಯೊಬ್ಬಳನ್ನು ಯಂತ್ರದ ಗರಗಸದಿಂದ ಕೊಯ್ದು, ಅವಳು ಏಳುವ ಮೊದಲೇ ಕಾರ್ಯಕ್ರಮ ಮುಗಿದುಹೋಗಿ ವೀಕ್ಷಕರನ್ನು ಗಾಬರಿಗೊಳಿಸಿದ ಆಟ ಪಶ್ಚಿಮದಿಂದಲೇ ಬಂದದ್ದು.

ಇತ್ತೀಚಿನ ದಾವೆಗಳಲ್ಲಿ ಮುಖ್ಯವಾದುದು ಅಮೆರಿಕದ ಜಾದೂಗಾರ ಟೆಲ್ಲರ್ ಹೂಡಿದ್ದು. ಗೋಡೆಯ ಮೇಲೆ ಬಿದ್ದ ಗುಲಾಬಿಯ ನೆರಳನ್ನು ಚಾಕುವಿನಿಂದ ಕತ್ತರಿಸಿದರೆ ಎದುರಿನ ನಿಜವಾದ ಗುಲಾಬಿಯ ಎಸಳುಗಳು ಉದುರುವ ತನ್ನ ಆಟವನ್ನು ಆತ 1983ರಲ್ಲಿ ಮೂಕಾಭಿನಯದ ಕೃತಿಯೆಂದು ನೋಂದಾಯಿಸಿದ್ದರಿಂದ, ತಂತ್ರಕ್ಕೆ ಕೃತಿಸ್ವಾಮ್ಯವಿಲ್ಲದಿದ್ದರೂ ಅದನ್ನು ಹೊದ್ದಿರುವ ನಾಟಕಕ್ಕೆ ಇದೆಯೆಂದು ನೆವಾಡದ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಭಾರತದ ಕಾನೂನೂ ಈ ವಿಷಯದಲ್ಲಿ ಕುತೂಹಲಕರವಾಗಿದೆ: 1957ರ ಕೃತಿಸ್ವಾಮ್ಯ ಕಾಯಿದೆ ತಿದ್ದುಪಡಿಯ ನಂತರ ‘ಪ್ರದರ್ಶಕ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ನಟ, ಗಾಯಕರ ಜೊತೆಗೆ ಜಾದೂಗಾರನನ್ನೂ ಹಾವಾಡಿಗನನ್ನೂ ಹೆಸರಿಸಿ ಸೇರಿಸಿಕೊಂಡಿದೆ. ಹೀಗಾಗಿ ಜಾತ್ರೆಯ ಗಾರುಡಿಗನ ಆಟವನ್ನು ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಮಾರಿಕೊಳ್ಳುವವನನ್ನು ಅವನು ನ್ಯಾಯಾಲಯಕ್ಕೆ ಎಳೆಯಬಹುದು. ಪಕ್ಕದಲ್ಲಿ ನಿಂತು ನೋಡಿ, ಮರುದಿನ ಬೇರೊಂದು ಬುಟ್ಟಿ ತಂದು ಅದೇ ಕೈಚಳಕವನ್ನು ತನ್ನದೇ ಮಾತುಕತೆಯೊಂದಿಗೆ ತೋರಿಸುವವನನ್ನು ಎಳೆಯಲಾಗದು.